ಮೊದಲು ಈಜು, ಆಮೇಲೆ ಗಾಳ

ಬೇಸಿಗೆ ರಜೆ ಬಂದರೆ ಹಾಸ್ಟೆಲ್ ಗೆಳೆಯರದು ಗೋವಾ, ಊಟಿ ಮಾತು. ನಾನು ಮಾತ್ರ ಚಳ್ಳಕೆರೆ ಬಸ್ ಹತ್ತಿ, ವೇದಾವತಿ ದಂಡೆಯ ನಮ್ಮೂರಿಗೆ ಬಂದು ಗಾಳ ಹಿಡಿಯುತ್ತೇನೆ.

ಚಿಕ್ಕವರಿದ್ದಾಗ ಈ ಒಣ ಹೊಳೆಯೇ ನಮ್ಮ ಕ್ರಿಕೆಟ್ ಮೈದಾನ. ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಆಗ ನನಗೆ 17. 2025ರ ಜನವರಿಯಲ್ಲಿ ಮತ್ತೆ ತುಂಬಿತು. ಈಗ ಬ್ಯಾರೇಜಿನ ಹಿನ್ನೀರಿನಲ್ಲಿ ಎರೆಹುಳು ಸಿಕ್ಕಿಸಿ ಕೂತರೆ ಜಿಲೇಬಿ ಮೀನು ಗ್ಯಾರಂಟಿ. (ರಂಗಯ್ಯನದುರ್ಗ ಡ್ಯಾಮಿನ ಮೀನೇ ರುಚಿ ಅಂತ ಮೊಳಕಾಲ್ಮುರಿನ ಗೆಳೆಯನ ವಾದ. ಇರಲಿ.)

ಆದರೆ ಬರದಲ್ಲಿ ಬೆಳೆದ ನಮಗೆ ಈಜೇ ಬರುವುದಿಲ್ಲ. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದೂ ಇಲ್ಲ. ಬಾವಿಯಲ್ಲಿ ಈಜು ಕಲಿತ ಅಜ್ಜ ಈಗ ನನಗೂ ತಮ್ಮನಿಗೂ ಬೆನ್ನಿಗೆ ಬೆಂಡು ಕಟ್ಟಿ ದಿನಾ ಬೆಳಿಗ್ಗೆ ನೀರಿಗಿಳಿಸುತ್ತಿದ್ದಾರೆ. ತಮ್ಮ ಆಗಲೇ ಬೆಂಡು ಬಿಚ್ಚಿದ್ದಾನೆ.