ಎರೆಮಣ್ಣಿನ ಅಡಿಯ ಧಾರವಾಡ

ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಎರೆಹೊಲ ನವಲಗುಂದ, ಅಣ್ಣಿಗೇರಿಯ ಕಡೆಗೆ ಜಮಖಾನ ಹಾಸಿದಂತೆ ಹಾಸಿಕೊಂಡು ಹೋಗುತ್ತದೆ. ಪಶ್ಚಿಮಕ್ಕೆ ತಿರುಗಿದರೆ ಕಲಘಟಗಿಯ ಕೆಂಪು ನೆಲ, ಅದರಾಚೆ ಮಲೆನಾಡಿನ ಸೆರಗು. ಒಂದು ಕಡೆ ಕಡಲೆ, ಜೋಳ, ಹತ್ತಿ. ಇನ್ನೊಂದು ಕಡೆ ಭತ್ತ, ಮಾವು. ಮಣ್ಣು ಬೇರೆ, ಬೆಳೆ ಬೇರೆ. ಆದರೆ ಎರಡೂ ದಿಕ್ಕಿಗೆ ಒಂದು ಮಾತು ಸಮ: ಬುಡದ ಕಲ್ಲು ಕಣ್ಣಿಗೆ ಬೀಳುವುದು ಅಪರೂಪ. ಎರೆಮಣ್ಣು, ಗರಸು, ಜಂಬಿಟ್ಟಿಗೆ ಸೇರಿ ಅದನ್ನು ಮುಚ್ಚಿಟ್ಟಿವೆ. ಬಾವಿ ತೋಡಿದಾಗ, ರಸ್ತೆಗೆ ಗುಡ್ಡ ಕಡಿದಾಗ, ಕ್ವಾರಿಯ ಅಂಚಿನಲ್ಲಿ ಅದು ಚೂರುಚೂರಾಗಿ ಮುಖ ತೋರಿಸುತ್ತದೆ, ಅಷ್ಟೆ.

ಆ ಕಲ್ಲಿಗೆ ನಮ್ಮೂರಿನ ಹೆಸರಿದೆ. ಆಸ್ಟ್ರೇಲಿಯಾದಲ್ಲಿ, ಕೆನಡಾದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಭೂವಿಜ್ಞಾನ ಓದುವ ಹುಡುಗ ಹುಡುಗಿಯರು ಧಾರವಾಡ ಪೇಡೆಯನ್ನು ಕಂಡಿರಲಿಕ್ಕಿಲ್ಲ. ‘ಧಾರವಾಡ ಕ್ರೇಟಾನ್’ ಎಂಬ ಹೆಸರನ್ನು ಮಾತ್ರ ಓದಿಯೇ ಇರುತ್ತಾರೆ. ಕ್ರೇಟಾನ್ ಎಂದರೆ ಭೂಖಂಡದ ಅಲುಗಾಡದ ಹಳೆಯ ತಿರುಳು. ಕಲ್ಲಿಗೆ ಊರ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಕೊಡಲಿಯನ್ನು ಗುರುತಿಸಿದ ಅದೇ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೆಲಸದ ಮೇಲೆ ಈ ಸೀಮೆಯಲ್ಲಿ ಸುತ್ತಾಡಿದ ಅವರು, ಇಲ್ಲಿನ ಪದರುಪದರಾದ ಕಲ್ಲುಗಳು ಸುತ್ತಲ ನೈಸ್ ಶಿಲೆಗಿಂತ ಬೇರೆಯ ಕುಲದವು ಎಂದು ಕಂಡುಕೊಂಡು, 1880ರ ದಶಕದಲ್ಲಿ ಅವಕ್ಕೆ ಧಾರವಾಡದ ಹೆಸರು ಕೊಟ್ಟರು. ದಕ್ಷಿಣ ಭಾರತದ ಚಿನ್ನವೆಲ್ಲ ಹೆಚ್ಚಾಗಿ ಈ ಕಲ್ಲುಗಳಲ್ಲೇ ಇದೆ ಎಂದೂ ಹೇಳಿದರು. ಕೋಲಾರ, ಹಟ್ಟಿ ಎರಡೂ ಆ ಮಾತಿಗೆ ಸಾಕ್ಷಿಯಾದವು.

ಫೂಟ್ ಅವರ ಕಾಲದಲ್ಲಿ ನಕ್ಷೆ ಬರೆಯುವುದೆಂದರೆ ಕಲ್ಲು ಕಂಡಲ್ಲಿ ನಿಲ್ಲುವುದು, ಸುತ್ತಿಗೆಯಿಂದ ಒಡೆದು ನೋಡುವುದು, ಪದರ ಯಾವ ದಿಕ್ಕಿಗೆ ವಾಲಿದೆ ಎಂದು ಅಳೆಯುವುದು, ಮುಂದಿನ ಕಲ್ಲು ಕಾಣುವವರೆಗೆ ನಡೆಯುವುದು. ನಡುವಿನ ಎರೆಹೊಲದ ಮೈಲುಗಟ್ಟಲೆ ಜಾಗವನ್ನು ಊಹೆಯ ಚುಕ್ಕೆಗೆರೆಯಿಂದ ತುಂಬುವುದು. ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಇಂದಿಗೂ ಕ್ಷೇತ್ರಕಾರ್ಯ ಕಲಿಯುವುದು ಹೀಗೆಯೇ. ಕಲಿಯಲೂ ಬೇಕು. ಕೈಯಲ್ಲಿ ಕಲ್ಲು ಹಿಡಿಯದವನಿಗೆ ಯಾವ ಯಂತ್ರದ ನಕ್ಷೆಯೂ ಅರ್ಥವಾಗದು.

ಆದರೆ ಆ ಚುಕ್ಕೆಗೆರೆಗಳನ್ನು ನಿಜಗೆರೆ ಮಾಡುವುದು ಹೇಗೆ? ಮಣ್ಣು ತಡೆಯಲಾಗದ ಗುಣ ಕಲ್ಲಿಗೆ ಏನಾದರೂ ಇರಬೇಕು. ಅದು ಕಾಂತತೆ.

ಸೂಜಿಗಲ್ಲು ನಮ್ಮ ಜನರಿಗೆ ಹೊಸದಲ್ಲ. ಮ್ಯಾಗ್ನೆಟೈಟ್ ಎಂಬ ಆ ಕಪ್ಪು ಖನಿಜ ಬಹುಪಾಲು ಕಲ್ಲುಗಳಲ್ಲಿ ಎಳ್ಳಿನಷ್ಟಾದರೂ ಇರುತ್ತದೆ. ಧಾರವಾಡದ ಪಟ್ಟೆಪಟ್ಟೆ ಕಬ್ಬಿಣಶಿಲೆಯಲ್ಲಿ ಹೇರಳ, ಕಪ್ಪು ಡೈಕುಗಳಲ್ಲಿ (ಹಳೆಯ ಕಲ್ಲಿನ ಬಿರುಕಿಗೆ ನುಗ್ಗಿ ಗೋಡೆಯಂತೆ ಗಟ್ಟಿಯಾದ ಶಿಲೆ) ಸಾಕಷ್ಟು, ಬೆಣಚುಕಲ್ಲಿನಲ್ಲಿ ಇಲ್ಲವೆನ್ನುವಷ್ಟು. ಭೂಮಿಯೇ ಒಂದು ಅಯಸ್ಕಾಂತ. ನಮ್ಮ ಭಾಗದಲ್ಲಿ ಅದರ ಬಲ ಸುಮಾರು 40 ಸಾವಿರ ನ್ಯಾನೋಟೆಸ್ಲಾ. ಮ್ಯಾಗ್ನೆಟೈಟ್ ಇರುವ ಕಲ್ಲು ಈ ಬಲವನ್ನು ತನ್ನ ಸುತ್ತ ಹತ್ತಿಪ್ಪತ್ತೋ, ನೂರೋ, ಕೆಲವೊಮ್ಮೆ ಸಾವಿರಾರೋ ನ್ಯಾನೋಟೆಸ್ಲಾದಷ್ಟು ಏರುಪೇರು ಮಾಡುತ್ತದೆ. ಎರೆಮಣ್ಣಿನ ತೆಳುಹೊದಿಕೆ ಆ ಏರುಪೇರನ್ನು ಮರೆಮಾಡಲಾರದು. ಅಳೆಯುವ ಯಂತ್ರವನ್ನು ವಿಮಾನಕ್ಕೆ ಕಟ್ಟಿ, ನೇಗಿಲ ಸಾಲಿನಂತೆ ಸಾಲುಸಾಲಾಗಿ ಹಾರಿಸಿದರೆ ಹೊಲದ ಕೆಳಗಿನ ಕಲ್ಲಿನ ಚಹರೆ ಮೂಡುತ್ತದೆ.

ಕಾಂತದಿಂದ ಅದಿರು ಹುಡುಕುವ ಕೆಲಸ ಹಳೆಯದು. ಸ್ವೀಡನ್ನಿನ ಗಣಿಗಾರರು ಹದಿನೇಳನೆಯ ಶತಮಾನದಲ್ಲೇ ದಿಕ್ಸೂಚಿ ಹಿಡಿದು ಕಬ್ಬಿಣ ಅರಸುತ್ತಿದ್ದರು. ಆಕಾಶಕ್ಕೇರಿದ್ದು 1936ರಲ್ಲಿ, ಸೋವಿಯತ್ ವಿಜ್ಞಾನಿ ಲೋಗಚೆವ್ ಅವರ ಪ್ರಯೋಗದಿಂದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕನ್ನರು ನೀರಡಿಯ ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಲು ವಿಮಾನಕ್ಕೆ ಸೂಕ್ಷ್ಮ ಕಾಂತಮಾಪಕ ಕಟ್ಟಿದರು. ಯುದ್ಧ ಮುಗಿಯುವ ಹೊತ್ತಿಗೆ ಅದೇ ಉಪಕರಣ ಖನಿಜ ಹುಡುಕಾಟಕ್ಕೆ ತಿರುಗಿತ್ತು. ಭಾರತದಲ್ಲಿ 1960ರ ದಶಕದಲ್ಲಿ ಈ ಕೆಲಸ ಬೇರೂರಿತು. ಸರ್ವೇಕ್ಷಣೆಯ ವೈಮಾನಿಕ ವಿಭಾಗ ನೆಲೆ ನಿಂತದ್ದು ಬೆಂಗಳೂರಿನಲ್ಲಿ. 1980ರ ದಶಕದಿಂದ ಅದರ ಟ್ವಿನ್ ಆಟರ್ ವಿಮಾನ ದೇಶದ ಗಟ್ಟಿಶಿಲೆಯ ಸೀಮೆಗಳ ಮೇಲೆ ಹಾರಿದೆ. ಮುಂದೆ ಎಚ್‌ಎಎಲ್ ಕಟ್ಟಿದ ಧ್ರುವ ಹೆಲಿಕಾಪ್ಟರ್ ಕೂಡ ಸೇರಿಕೊಂಡಿತು.

ಹಳೆಯ ಹಾರಾಟಗಳಲ್ಲಿ ಎತ್ತರ ಹೆಚ್ಚು, ಸಾಲುಗಳ ನಡುವಿನ ಅಂತರವೂ ಹೆಚ್ಚು. ಎತ್ತರ ಹೋದಷ್ಟೂ ಸಣ್ಣಪುಟ್ಟ ಕಲ್ಲುಗಳ ಮಾತು ಒಂದರಲ್ಲೊಂದು ಕರಗಿ ದೊಡ್ಡ ರಚನೆಗಳಷ್ಟೇ ಉಳಿಯುತ್ತವೆ. ಆ ಕೊರತೆ ನೀಗಲೆಂದೇ 2017ರಲ್ಲಿ ರಾಷ್ಟ್ರೀಯ ವೈಮಾನಿಕ ಭೂಭೌತ ನಕ್ಷಾ ಕಾರ್ಯಕ್ರಮ ಶುರುವಾಯಿತು. ಸಾಲಿನಿಂದ ಸಾಲಿಗೆ 300 ಮೀಟರ್, ನೆಲದಿಂದ ಸುಮಾರು 80 ಮೀಟರ್ ಎತ್ತರ. ಧಾರವಾಡ ಜಿಲ್ಲೆಯ ವಿಸ್ತೀರ್ಣ ಸುಮಾರು 4,260 ಚದರ ಕಿಲೋಮೀಟರ್. ಇಷ್ಟನ್ನು 300 ಮೀಟರಿಗೊಂದು ಸಾಲಿನಂತೆ ಉಳಬೇಕಾದರೆ 14 ಸಾವಿರ ಕಿಲೋಮೀಟರಿಗೂ ಮಿಕ್ಕಿ ಹಾರಬೇಕಾಗುತ್ತದೆ ಎಂದು ಲೆಕ್ಕ ಹಾಕಿದಾಗ ನನಗೆ ಈ ಕೆಲಸದ ತೂಕ ತಿಳಿಯಿತು.

ವಿಮಾನದ ಬಾಲಕ್ಕೆ ಉದ್ದನೆಯ ಕೋಲೊಂದು ಚಾಚಿಕೊಂಡಿರುತ್ತದೆ. ಅದರ ತುದಿಯಲ್ಲಿ ಸೀಸಿಯಂ ಆವಿಯ ಕಾಂತಮಾಪಕ. ವಿಮಾನದ ಎಂಜಿನ್, ತಂತಿ, ಉಕ್ಕು ಎಲ್ಲವೂ ತಮ್ಮದೇ ಕಾಂತತೆ ಬೀರುವುದರಿಂದ ಯಂತ್ರವನ್ನು ಮೈಯಿಂದ ಆದಷ್ಟು ದೂರ ಇಡಬೇಕು. ಉಳಿದ ಪ್ರಭಾವವನ್ನು ಲೆಕ್ಕದಿಂದ ಕಳೆಯಬೇಕು. ಸೆಕೆಂಡಿಗೆ 10 ಬಾರಿ ಅಳತೆ ನಡೆಯುತ್ತದೆ, ಅಂದರೆ ನೆಲದ ಮೇಲೆ ಆರೇಳು ಮೀಟರಿಗೊಮ್ಮೆ. ಜೊತೆಗೆ ಭೂಮಿಯ ಕಾಂತಬಲ ಬೆಳಗಿನಿಂದ ಸಂಜೆಗೆ ತಾನಾಗಿಯೇ ಏರಿ ಇಳಿಯುತ್ತದೆ. ಅದನ್ನು ಹಿಡಿಯಲು ನೆಲದ ಮೇಲೆ ಇನ್ನೊಂದು ಯಂತ್ರ ಕದಲದೆ ಕೂತಿರುತ್ತದೆ. ಸೂರ್ಯನಿಂದ ಕಾಂತಚಂಡಮಾರುತ ಬಂದ ದಿನ ಹಾರಾಟವೇ ಇಲ್ಲ. ಊರು, ರೈಲುಹಳಿ, ಹೈಟೆನ್ಷನ್ ತಂತಿ ಇವೆಲ್ಲ ಗದ್ದಲ. ಮುಂಬಯಿಯ ಕೊಲಾಬಾದಲ್ಲಿದ್ದ ಕಾಂತ ವೀಕ್ಷಣಾಲಯವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲಿಬಾಗಿಗೆ ಸಾಗಿಸಿದ್ದು ವಿದ್ಯುತ್ ಟ್ರಾಮು ಬರುವುದೆಂಬ ಕಾರಣಕ್ಕೇ. ರೈಲಿನ ಊರಾದ ಹುಬ್ಬಳ್ಳಿಯ ನೆತ್ತಿಯ ಮೇಲೆ ಇಂಥ ಯಂತ್ರ ಏನೇನು ಕೇಳಿಸಿಕೊಳ್ಳಬೇಕಾದೀತು ಎಂದು ಊಹಿಸಬಹುದು.

ಇದಕ್ಕಿಂತ ಕಠಿಣವಾದ ತೊಡಕು ನಮ್ಮ ನೆಲದ್ದೇ. ಪಾಠಪುಸ್ತಕಗಳ ಚಿತ್ರಗಳು ಸಾಮಾನ್ಯವಾಗಿ ಧ್ರುವದ ಕಡೆಯ ದೇಶಗಳಿಗೆ ಒಪ್ಪುವಂಥವು. ಅಲ್ಲಿ ಭೂಮಿಯ ಕಾಂತಬಲ ನೆಲಕ್ಕೆ ಬಹುತೇಕ ನೆಟ್ಟಗೆ ಇಳಿಯುತ್ತದೆ, ಕಾಂತಶಿಲೆ ಇರುವ ಜಾಗದ ನೆತ್ತಿಯ ಮೇಲೆಯೇ ಅಳತೆ ಏರುತ್ತದೆ. ಕಾಂತೀಯ ಸಮಭಾಜಕ ರೇಖೆ ಹಾಯುವುದು ಭಾರತದ ದಕ್ಷಿಣ ತುದಿಯಲ್ಲಿ. ಅದಕ್ಕೆ ಹತ್ತಿರವಿರುವ ಧಾರವಾಡದಲ್ಲಿ ಕಾಂತಬಲ ನೆಲಕ್ಕೆ ಒರಗಿದಂತೆ, ಹೆಚ್ಚುಕಡಿಮೆ ಅಡ್ಡಡ್ಡ, ಉತ್ತರಕ್ಕೆ ಹರಿಯುತ್ತದೆ. ಹಾಗಾಗಿ ಇಲ್ಲಿ ಕಾಂತಶಿಲೆಯ ಮೇಲೆ ಹಾರಿದಾಗ ಅಳತೆ ಬೀಳುತ್ತದೆ. ಅಷ್ಟೇ ಆಗಿದ್ದರೆ ತಲೆಕೆಳಗಾಗಿ ಓದಿಕೊಳ್ಳಬಹುದಿತ್ತು. ಉದ್ದನೆಯ ಅಯಸ್ಕಾಂತದ ಪಟ್ಟಿಗೆ ಗುಂಡುಪಿನ್ನು ಅಂಟುವುದು ತುದಿಗಳಲ್ಲಿ, ನಡುವೆ ಅಲ್ಲ. ಉತ್ತರ ದಕ್ಷಿಣವಾಗಿ ಮಲಗಿದ ಶಿಲಾಪಟ್ಟಿಯ ಗತಿಯೂ ಹಾಗೆಯೇ. ಉದ್ದಕ್ಕೂ ಮೌನ, ತುದಿಗಳಲ್ಲಿ ಮಾತು. ಪೂರ್ವ ಪಶ್ಚಿಮವಾಗಿ ಮಲಗಿದ ಡೈಕುಗಳು ಮಾತ್ರ ಉದ್ದಕ್ಕೂ ಎದ್ದು ಕಾಣುತ್ತವೆ. ಧಾರವಾಡದ ಶಿಲಾಪಟ್ಟಿಗಳು ಮಲಗಿರುವುದು ಯಾವ ದಿಕ್ಕಿಗೆ? ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ. ಅಂದರೆ ಕಾಂತಬಲಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ.

ಆದ್ದರಿಂದ ಹೊರಗಿನ ತಂತ್ರಾಂಶಕ್ಕೆ ಅಂಕಿಗಳನ್ನು ತುಂಬಿ ಬಣ್ಣದ ನಕ್ಷೆ ತೆಗೆದರೆ ಧಾರವಾಡ ತಾನಾಗಿ ಬಾಯಿ ಬಿಡುವುದಿಲ್ಲ. ಇಲ್ಲಿ ಮಡಿಕೆ ಬಿದ್ದ ಕಬ್ಬಿಣಶಿಲೆ ಎಲ್ಲಿ ತಿರುಗಿತು, ಸ್ತರಭಂಗ ಅದನ್ನು ಎಲ್ಲಿ ಕತ್ತರಿಸಿತು, ಕಾಂತತೆಯ ಮಾತು ಕೇಳಿಸುತ್ತಿರುವುದು ಯಾವ ತುದಿಯಿಂದ ಎಂದು ಕೂತು ಬಿಡಿಸುವವರು ಬೇಕು. ಆ ಕೆಲಸಕ್ಕೆ ಈ ಕಲ್ಲುಗಳ ನಡುವೆ ಓಡಾಡಿದವರೇ ಆಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಚಿನ್ನದ ಮಾತಿಗೆ ಬರೋಣ. ಚಿನ್ನ ಅಯಸ್ಕಾಂತಕ್ಕೆ ಅಂಟುವುದಿಲ್ಲ. ವಿಮಾನ ಚಿನ್ನವನ್ನು ಕಾಣಲಾರದು. ಅದು ಕೂತಿರಬಹುದಾದ ಮನೆಯನ್ನು ಕಾಣಬಲ್ಲದು. ನೆಲದಾಳದಿಂದ ಬಿಸಿನೀರು ಗಂಧಕವನ್ನೂ ಚಿನ್ನವನ್ನೂ ಕರಗಿಸಿಕೊಂಡು ಬಿರುಕುಗಳ ದಾರಿಯಲ್ಲಿ ಮೇಲೇರುವಾಗ ಕಬ್ಬಿಣಶಿಲೆ ಎದುರಾಯಿತೆನ್ನಿ. ಗಂಧಕ ಅಲ್ಲಿನ ಮ್ಯಾಗ್ನೆಟೈಟಿನ ಕಬ್ಬಿಣವನ್ನು ಎಳೆದುಕೊಂಡು ಪೈರೈಟ್ ಆಗುತ್ತದೆ. ಹಿಡಿದಿದ್ದ ಗಂಧಕ ಕೈಬಿಟ್ಟ ಚಿನ್ನ ಅಲ್ಲೇ ಉಳಿಯುತ್ತದೆ. ಮ್ಯಾಗ್ನೆಟೈಟ್ ಹೋದ ಮೇಲೆ ಕಾಂತತೆಯೂ ಹೋಯಿತು. ಹೀಗಾಗಿ ಅನುಭವಿಗಳು ನಕ್ಷೆಯಲ್ಲಿ ಎದ್ದು ಕಾಣುವ ಗೆರೆಯನ್ನಷ್ಟೇ ನೋಡುವುದಿಲ್ಲ, ಗೆರೆ ಒಮ್ಮೆಲೆ ಅಳಿಸಿಹೋದ ಜಾಗವನ್ನೂ ನೋಡುತ್ತಾರೆ. ಹಾವೇರಿಯ ಹತ್ತಿರದ ಗಣಜೂರಿನಲ್ಲಿ ಚಿನ್ನ ಸಿಕ್ಕಿರುವುದು ಕಬ್ಬಿಣಾಂಶದ, ಗಂಧಕ ತುಂಬಿದ ಇಂಥದೇ ಪಟ್ಟೆಕಲ್ಲಿನಲ್ಲಿ.

ಗದಗಿನ ಕಪ್ಪತಗುಡ್ಡದ ಚಿನ್ನ ಇನ್ನೂ ಹಳೆಯ ಕಥೆ. ಅಲ್ಲಿನ ಡೋಣಿ, ಸೊರಟೂರಿನ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. 1874ರಲ್ಲಿ ಫೂಟ್ ಆ ಗುಡ್ಡದ ಬಗ್ಗೆ ಬರೆದ ವರದಿಗೆ ಜಾಲಗಾರರ ಮರಿಗೆಯೂ ಅವರ ಕಣ್ಣೂ ನೆರವಾಗಿದ್ದವು. ಯಾವ ಹಳ್ಳದ ಮರಳಿನಲ್ಲಿ ಮಿಂಚಿದೆ ಎಂದು ತಲೆಮಾರುಗಳಿಂದ ತಿಳಿದಿದ್ದವರು ಅವರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಗಣಿಗಳೂ ತೆರೆದವು, ಬೇಗನೆ ಮುಚ್ಚಿದವು. ಇಂದು ಕಪ್ಪತಗುಡ್ಡ ವನ್ಯಜೀವಿ ಧಾಮ. 2019ರಲ್ಲಿ ಆ ಘೋಷಣೆ ಆಗುವವರೆಗೆ ಗದಗಿನ ಜನ, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರಂಥವರು ಗುಡ್ಡಕ್ಕಾಗಿ ಬೀದಿಗಿಳಿದಿದ್ದರು. ಔಷಧಿ ಸಸ್ಯಗಳ ಆ ಗುಡ್ಡವನ್ನು ಅಗೆಯಬಾರದು ಎಂಬ ಅವರ ಮಾತು ನನ್ನದೂ ಹೌದು. ಹಾಗೆಂದು ಗುಡ್ಡದ ಒಳಗೇನಿದೆ ಎಂದು ಅರಿಯುವುದು ತಪ್ಪಾಗದು. ಮೇಲೆ ಹಾರಿಹೋದ ವಿಮಾನ ಒಂದು ಗಿಡವನ್ನೂ ಮುರಿಯುವುದಿಲ್ಲ. ಅರಿವು ಯಾರ ಕೈಯಲ್ಲಿರುತ್ತದೆ ಎಂಬುದು ಮುಖ್ಯ. ಗಣಿ ಕಾನೂನಿನ 2015ರ ತಿದ್ದುಪಡಿಯ ನಂತರ ಖನಿಜ ಪ್ರದೇಶಗಳು ಹರಾಜಿಗೆ ಬರುತ್ತಿವೆ. ಬಿಡ್ ಕೂಗುವ ಕಂಪನಿಯ ಮೇಜಿನ ಮೇಲಿರುವ ನಕ್ಷೆ ಆ ಊರಿನ ಗ್ರಾಮಸಭೆಯ ಮುಂದೆಯೂ ಇರಬೇಡವೇ? 2023ರ ಡಿಸೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ ಸರ್ವೇಕ್ಷಣೆಯ ಇಂಥ ಮಾಹಿತಿಯನ್ನು ಒಂದೆಡೆ ಸೇರಿಸಿ ಹೊರಗಿಟ್ಟಿದೆ. ಬಾಗಿಲು ತೆರೆದಿದೆ, ಒಳಗಿನ ಭಾಷೆ ಮಾತ್ರ ಕನ್ನಡದ್ದಲ್ಲ, ರೈತನದ್ದೂ ಅಲ್ಲ.

ರೈತನಿಗೆ ಇದರಿಂದ ಆಗಬೇಕಾದ್ದು ಚಿನ್ನವಲ್ಲ, ನೀರು. ಗಟ್ಟಿಶಿಲೆಯ ನಾಡಿನಲ್ಲಿ ನೀರು ನಿಲ್ಲುವುದು ಬಿರುಕಿನಲ್ಲಿ, ಶಿಥಿಲವಾದ ಕಲ್ಲಿನ ಪದರದಲ್ಲಿ. ಡೈಕು ಕೆಲವೆಡೆ ಒಡ್ಡಿನಂತೆ ಅಂತರ್ಜಲವನ್ನು ತಡೆದು ನಿಲ್ಲಿಸುತ್ತದೆ. ಅದರ ಒಂದು ಮಗ್ಗುಲಲ್ಲಿ ಬೋರು ನೀರು ಉಕ್ಕಿಸಿದರೆ ಇನ್ನೊಂದು ಮಗ್ಗುಲಲ್ಲಿ ದೂಳು ಹಾರಿಸುತ್ತದೆ. ಕಾಂತನಕ್ಷೆಯಲ್ಲಿ ಚೆನ್ನಾಗಿ ಮೂಡುವ ಸಂಗತಿಗಳಲ್ಲಿ ಡೈಕೂ ಒಂದು. ವಿಮಾನದ ಬಳಕೆ ನೀರಿಗೂ ಆಗಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಕೇಂದ್ರ ಅಂತರ್ಜಲ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಸೇರಿ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನದ ಮೇಲೆ ಹೆಲಿಕಾಪ್ಟರ್ ಹಾರಿಸಿದ್ದವು, ಕಲ್ಲಿನ ವಿದ್ಯುತ್ ಗುಣ ಅಳೆದು ಅಂತರ್ಜಲ ಹುಡುಕುವುದಕ್ಕೆ. ದೇಶದಲ್ಲಿ ಆರಿಸಿಕೊಂಡ ಆರು ಪ್ರಾಯೋಗಿಕ ಜಾಗಗಳಲ್ಲಿ ಅದೂ ಒಂದು.

ಕುಂದಗೋಳದ ಕಡೆ, ಕಲಘಟಗಿಯ ಕಡೆ ಬೋರು ಹಾಕಿಸುವ ಮೊದಲು ಈಗಲೂ ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಹೊಲ ಸುತ್ತಿ ಪಾಯಿಂಟ್ ತೋರಿಸುವವರನ್ನು ಕರೆಸುತ್ತಾರೆ. ಸಾಲ ತಂದು ಕೊರೆಸಿದ ಬೋರು ಒಣಗಿದ್ದರೆ, ಆ ಮನೆಯಲ್ಲಿ ಎರಡನೆಯದನ್ನು ಕೊರೆಸುವ ಮಾತು ಹೇಗೆ ನಡೆಯುತ್ತದೆಂದು ನಾನು ಕೂತು ಕೇಳಿದ್ದೇನೆ. ಅವರ ಹೊಲದ ಕಲ್ಲನ್ನು ಸರ್ಕಾರದ ಹಣದಲ್ಲಿ ಅಳೆದ ಅಂಕಿಗಳು ಅವರಿಗೆ ಸಿಗಬೇಕಲ್ಲವೇ? ಕಾಂತನಕ್ಷೆಯೊಂದೇ ನೀರು ತೋರಿಸದು ನಿಜ; ಅದರ ಜೊತೆ ನೆಲದ ಮೇಲಿನ ವಿದ್ಯುತ್ ಅಳತೆ ಬೇಕು, ಊರಿನ ಹಳೆಯ ಬಾವಿಗಳ ಲೆಕ್ಕ ಬೇಕು. ಆದರೂ ಶುರು ಮಾಡಲು ಅದು ತೆಂಗಿನಕಾಯಿಗಿಂತ ಮೇಲು.

ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದ್ದೇ ಇದೆ. ಬೀಜ, ಗೊಬ್ಬರದ ಪಾಳಿಯಲ್ಲಿ ನಿಂತವರು ದಿಟ್ಟಿಸಿ ನೋಡುವ ಗೋಡೆಯೂ ಅಲ್ಲಿದೆ. ಆ ಗೋಡೆಗೆ ಹೋಬಳಿಯ ಕಾಂತನಕ್ಷೆ ಬೇಕು: ಹಳ್ಳಿಯ ಹೆಸರು, ಹಳ್ಳ, ಕೆರೆ, ಸರ್ವೆ ನಂಬರು ಕನ್ನಡದಲ್ಲಿ; ಡೈಕುಗಳು ದಪ್ಪ ಕಪ್ಪು ಗೆರೆಯಲ್ಲಿ; ಸ್ತರಭಂಗಗಳು ಕೆಂಪಿನಲ್ಲಿ; ಖಚಿತವಿಲ್ಲದ ಕಡೆ ಫೂಟ್ ಸಾಹೇಬರ ಕಾಲದ ಹಾಗೆ ಪ್ರಾಮಾಣಿಕವಾದ ಚುಕ್ಕೆಗೆರೆ. ಬಿಡಿಸಿ ಹೇಳಲು ಗುಡ್ಡದ ಮೇಲಿನ ವಿಶ್ವವಿದ್ಯಾಲಯದಿಂದ ಇಬ್ಬರು ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಇಳಿದು ಬಂದರೆ ಸಾಕು.