ಓದಿ ಮುಗಿಸುವುದು ಬೇರೆ, ಧ್ಯಾನಿಸುವುದು ಬೇರೆ

ಹೋದ ವರ್ಷ ಜನವರಿಯಲ್ಲಿ, ಹ್ಯಾಮಿಲ್ಟನ್ ಸುತ್ತಮುತ್ತ ದುಡಿಯುವ ನಾವು ಏಳೆಂಟು ಮಂದಿ ಕನ್ನಡ ಕ್ರೈಸ್ತರು ಸೇರಿ ಒಂದು ತೀರ್ಮಾನ ಮಾಡಿದೆವು. ವರ್ಷ ಮುಗಿಯುವುದರೊಳಗೆ ಇಡೀ ಸತ್ಯವೇದ ಓದಿ ಮುಗಿಸಬೇಕು ಅಂತ. ಲೆಕ್ಕ ಬರೆಯುವವರು ಕೈಹಾಕಿದ ಮೇಲೆ ಕೇಳಬೇಕೆ? 66 ಪುಸ್ತಕ, 1189 ಅಧ್ಯಾಯ, 365 ದಿನ. ದಿನಕ್ಕೆ ಮೂರೂಕಾಲು ಅಧ್ಯಾಯ. ಎಕ್ಸೆಲ್ ಶೀಟ್ ತಯಾರಾಯಿತು. ಓದಿದವರ ಹೆಸರಿನ ಮುಂದೆ ಹಸಿರು, ಬಾಕಿ ಇದ್ದವರಿಗೆ ಕೆಂಪು. ಗುರುವಾರ ರಾತ್ರಿ ಒಬ್ಬರ ಮನೆಯಲ್ಲಿ ಕೂಡಿ ಆ ದಿನದ ಭಾಗವನ್ನು ಜೋರಾಗಿ ಓದಿ, ಪ್ರಾರ್ಥನೆ ಮಾಡಿ, ಊಟ ಮಾಡಿ ಹೋಗುವುದು.

ಮೇ ತಿಂಗಳವರೆಗೆ ಎಲ್ಲವೂ ಹಸಿರೇ. ನಮಗೂ ಒಳಗೊಳಗೇ ಹೆಮ್ಮೆ.

ನಮ್ಮ ಕೂಟದಲ್ಲಿ ಉಡುಪಿ ಕಡೆಯ ಹುಡುಗ ಒಬ್ಬ ಇದ್ದಾನೆ. ಡೈರಿ ಫಾರ್ಮ್‌ನಲ್ಲಿ ಕೆಲಸ. ಮೇ ಕೊನೆಯಲ್ಲಿ ಅವನ ತಾಯಿ ತೀರಿಕೊಂಡರು. ವೀಸಾ ನವೀಕರಣದ ಅರ್ಜಿ ಇನ್ನೂ ಇತ್ಯರ್ಥ ಆಗಿರಲಿಲ್ಲ. ಇಂಟರಿಮ್ ವೀಸಾದಲ್ಲಿ ಇರುವವರು ದೇಶ ಬಿಟ್ಟರೆ ಆ ವೀಸಾ ಅಲ್ಲಿಗೇ ಮುಗಿಯಿತು, ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ಸಂಗತಿ. ಹೋಗಲಾಗಲಿಲ್ಲ. ಊರಿನ ಬೆಳಿಗ್ಗೆ ಹತ್ತು ಗಂಟೆ ಅಂದರೆ ಇಲ್ಲಿ ಸಂಜೆ ನಾಲ್ಕೂವರೆ, ಹಾಲು ಕರೆಯುವ ಹೊತ್ತು. ಶೆಡ್ಡಿನ ಹೊರಗೆ ನಿಂತು ತಾಯಿಯ ಮಣ್ಣನ್ನು ಫೋನಿನಲ್ಲಿ ನೋಡಿದ.

ಜೂನ್ ಎರಡನೇ ವಾರ ಕೂಟಕ್ಕೆ ಬಂದ. ಆ ದಿನದ ಪಾಲಿಗೆ ಬಂದದ್ದು 42ನೇ ಕೀರ್ತನೆ ಮತ್ತು ಮುಂದಿನವು. ಹಗಲೂ ರಾತ್ರಿಯೂ ಅಳುವುದೇ ಊಟವಾದವನ ಮಾತು ಬರುತ್ತದಲ್ಲ, ಅಲ್ಲಿಗೆ ಬಂದಾಗ ಅವನು ಮೆಲ್ಲಗೆ, "ಅಣ್ಣಾ, ಇಲ್ಲೇ ಒಂದು ನಿಮಿಷ ನಿಲ್ಲೋಣವಾ?" ಅಂದ. ನಾವು ಗಡಿಯಾರ ನೋಡಿ, "ಇದನ್ನು ಮುಗಿಸಿ ಮಾತಾಡೋಣ, ಇನ್ನೂ ಎರಡು ಅಧ್ಯಾಯ ಇದೆ" ಅಂದೆವು. ಮುಗಿಸಿದೆವು. ಮಾತಾಡಲಿಲ್ಲ. ಸಾಂಬಾರ್ ಆರುತ್ತಿತ್ತು.

ಮುಂದಿನ ಎರಡು ವಾರ ಅವನು ಬರಲಿಲ್ಲ. ಫೋನ್ ಮಾಡಿದರೆ, "ನನಗೆ ಆ ವಾಕ್ಯ ಬೇಕಿತ್ತು ಅಣ್ಣಾ. ನೀವೆಲ್ಲ ಮುಂದೆ ಹೋದ್ರಿ, ನಾನು ಅಲ್ಲೇ ಉಳಿದೆ" ಅಂದ. ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ನಮಗೆ ಹೆಚ್ಚು ನಾಟಿತು. ಶೀಟಿನಲ್ಲಿ ಆ ದಿನದ ಮನೆ ಇವತ್ತಿಗೂ ಹಸಿರಾಗಿದೆ.

ಆಮೇಲೆ ನಾವು ಧ್ಯಾನ ಅಂದರೆ ಏನು ಅಂತ ಹುಡುಕಲು ಕೂತೆವು. ಆ ಪದ ಕೇಳಿದ ಕೂಡಲೇ ನಮಗೆ ಕಣ್ಣುಮುಚ್ಚಿ, ಮನಸ್ಸು ಖಾಲಿ ಮಾಡಿ ಕೂತವರ ಚಿತ್ರ ಬರುತ್ತದೆ. ಮೊದಲನೇ ಕೀರ್ತನೆಯಲ್ಲಿ ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನ ಮಾತು ಇದೆ. ಅಲ್ಲಿ ಹೀಬ್ರೂ ಭಾಷೆಯಲ್ಲಿರುವ ಪದ 'ಹಾಗಾ'. ಬಾಯೊಳಗೇ ಗುಣುಗುಟ್ಟುವುದು ಅಂತ ಅದರ ಅರ್ಥ. ಯೆಶಾಯನ ಪುಸ್ತಕದಲ್ಲಿ ಬೇಟೆಯ ಮೇಲೆ ನಿಂತ ಸಿಂಹ ಗುರುಗುಟ್ಟುವುದಕ್ಕೂ, ಪಾರಿವಾಳ ನರಳುವುದಕ್ಕೂ ಇದೇ ಪದ. ಮನಸ್ಸು ಖಾಲಿ ಮಾಡುವುದಲ್ಲ, ಒಂದು ಮಾತಿನಿಂದ ಬಾಯಿಯನ್ನೂ ಮನಸ್ಸನ್ನೂ ತುಂಬಿಕೊಳ್ಳುವುದು. ನಮ್ಮ ಅಜ್ಜಿಯಂದಿರು ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರಲ್ಲ, ಅದೇ. ಓದು ಬಾರದೆ ಹಾಗೆ ಮಾಡ್ತಾರೆ ಅಂತ ಚಿಕ್ಕಂದಿನಲ್ಲಿ ನಾವು ನಗುತ್ತಿದ್ದೆವು.

12ನೇ ಶತಮಾನದಲ್ಲಿ ಫ್ರಾನ್ಸಿನ ಕಾರ್ತೂಸಿಯನ್ ಮಠದಲ್ಲಿದ್ದ ಎರಡನೇ ಗೀಗೋ ಎಂಬ ಸನ್ಯಾಸಿ ಇದನ್ನು ನಾಲ್ಕು ಮೆಟ್ಟಿಲಿನ ಏಣಿ ಅಂತ ಬರೆದ. ಓದು, ಧ್ಯಾನ, ಪ್ರಾರ್ಥನೆ, ಕೊನೆಗೆ ದೇವರ ಮುಂದೆ ಸುಮ್ಮನೆ ಇರುವುದು. ಅವನು ಕೊಟ್ಟ ಹೋಲಿಕೆ ಊಟದ್ದು. ಓದು ತುತ್ತನ್ನು ಬಾಯಿಗೆ ಇಡುತ್ತದೆ, ಧ್ಯಾನ ಅಗಿಯುತ್ತದೆ, ಪ್ರಾರ್ಥನೆಯಲ್ಲಿ ರುಚಿ ಸಿಗುತ್ತದೆ. ಇದನ್ನು ಕೂಟದಲ್ಲಿ ಹೇಳಿದಾಗ ನಮ್ಮ ಡೈರಿಯ ಹುಡುಗನೇ, "ಮೆಲುಕು ಹಾಕೋದು ಅನ್ನಿ. ಹಸು ಮೇಯುವಾಗ ಗಬಗಬ ತಿನ್ನುತ್ತೆ, ಮಲಗಿದ ಮೇಲೇ ಅಗಿಯೋದು. ಎಬ್ಬಿಸಿ ಓಡಿಸಿದರೆ ಮೆಲುಕು ನಿಲ್ಲಿಸಿಬಿಡುತ್ತೆ" ಅಂದ. ವೈಕಾಟೋದಲ್ಲಿ ಇದ್ದುಕೊಂಡು ಇದನ್ನು ತಿಳಿಯಲು ನಾವು ಫ್ರಾನ್ಸಿನವರೆಗೆ ಹೋಗಬೇಕಾಗಿರಲಿಲ್ಲ.

ಮತ್ತೆ 42ಕ್ಕೆ ಬಂದೆವು. ಈ ಸಲ ಅದೊಂದೇ, ಒಂದು ಸಂಜೆಗೆ. ಮೂವರು ಬೇರೆಬೇರೆಯವರು ಒಂದಾದ ಮೇಲೊಂದು ನಿಧಾನವಾಗಿ ಓದಿದರು, ಪ್ರತಿ ಓದಿನ ನಂತರ ಐದು ನಿಮಿಷ ಮೌನ. ನಾವು ಹತ್ತಾರು ಸಲ ಓದಿದ್ದ ಕೀರ್ತನೆ. ಆದರೂ ಹಾಡುವವನು ಊರಲ್ಲಿ ಇಲ್ಲ ಅನ್ನುವುದು ಅಂದೇ ಕಣ್ಣಿಗೆ ಬಿದ್ದದ್ದು! ಅವನು ಇರುವುದು ಯೊರ್ದನ್, ಹೆರ್ಮೋನ್ ಕಡೆ, ದೇವಾಲಯದಿಂದ ಬಲು ದೂರ. ಹಬ್ಬಕ್ಕೆ ಹೊರಟ ಜನರ ಗುಂಪಿನ ಜೊತೆ ತಾನೂ ನಡೆಯುತ್ತಿದ್ದ ದಿನ ನೆನಪಾಗಿ ಅಳುತ್ತಾನೆ. ಸುತ್ತಲಿನವರು ನಿನ್ನ ದೇವರು ಎಲ್ಲಿ ಅಂತ ಕೇಳುತ್ತಾರೆ. ಅವನು ತನ್ನ ಮನಸ್ಸಿಗೇ, ಯಾಕೆ ಹೀಗೆ ಕುಗ್ಗಿದ್ದೀ ಅಂತ ಕೇಳಿಕೊಳ್ಳುತ್ತಾನೆ. ಈ ಪ್ರಶ್ನೆ ಅಲ್ಲಿ ಎರಡು ಸಲ ಬರುತ್ತದೆ, 43ನೇ ಕೀರ್ತನೆಯಲ್ಲಿ ಇನ್ನೊಂದು ಸಲ. ಎರಡೂ ಮೊದಲು ಒಂದೇ ಹಾಡಾಗಿತ್ತು ಅಂತ ಪಂಡಿತರು ಹೇಳುವುದು ಈ ಕಾರಣಕ್ಕೆ. ಪ್ರಶ್ನೆ ಒಂದೇ ಸಲಕ್ಕೆ ತೀರಲಿಲ್ಲ ನೋಡಿ. ಮತ್ತೆ ಕುಗ್ಗಿದ, ಮತ್ತೆ ಕೇಳಿಕೊಂಡ.

ಆ ರಾತ್ರಿ ಹುಡುಗ ಅತ್ತ. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ, ಒಬ್ಬರು ಪಕ್ಕಕ್ಕೆ ಸರಿದು ಕೂತರು ಅಷ್ಟೇ.

ಗಮನ ಇಡುವುದು ಮಾತ್ರ ಸುಲಭ ಅಂತ ನಾವು ಹೇಳುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಹಾಲು ಕರೆಯಲು ಎದ್ದವನು, ರೆಸ್ಟ್ ಹೋಮ್‌ನಲ್ಲಿ ರಾತ್ರಿ ಪಾಳಿ ಮಾಡಿ ಬಂದವರು ಐದು ನಿಮಿಷದ ಮೌನದಲ್ಲಿ ಗೊರಕೆ ಹೊಡೆದದ್ದೂ ಉಂಟು. ಹೊಡೆಯಲಿ ಬಿಡಿ. ನಮ್ಮ ಕಷ್ಟ ಬೇರೆ. ಲೆಕ್ಕ ತಾಳೆ ಆಗದೆ ವ್ಯತ್ಯಾಸ ಒಂಬತ್ತರಿಂದ ಭಾಗವಾಯಿತು ಅಂದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು ಅಂತ ಹುಡುಕುವ ಕಣ್ಣು ನಮ್ಮದು. ಅದೇ ಕಣ್ಣಿಂದ ವಾಕ್ಯ ಓದಿದರೆ ತಪ್ಪು, ವ್ಯತ್ಯಾಸ, ಉಪದೇಶಕ್ಕೆ ಒಳ್ಳೆಯ ಪಾಯಿಂಟು, ಇವೇ ಸಿಗುತ್ತವೆ. ಜೊತೆಗೆ, ಕಣ್ಣು ಮುಚ್ಚಿದ ಕೂಡಲೇ ಮೇ 7ರ ಪ್ರಾವಿಜನಲ್ ಟ್ಯಾಕ್ಸ್ ನೆನಪಾಗುತ್ತದೆ. ಅದಕ್ಕೆ ಈಗ ಪಕ್ಕದಲ್ಲಿ ಒಂದು ಚೀಟಿ, ಪೆನ್ಸಿಲ್. ನೆನಪಾದದ್ದನ್ನು ಒಂದು ಪದದಲ್ಲಿ ಗೀಚಿ ವಾಕ್ಯಕ್ಕೆ ವಾಪಸ್. ಒಂದು ಸಂಜೆ ಹನ್ನೊಂದು ಸಲ ವಾಪಸ್ ಬಂದದ್ದಿದೆ. ಫೋನುಗಳೆಲ್ಲ ಅಡುಗೆಮನೆಯ ಚಪಾತಿ ಡಬ್ಬಿಯಲ್ಲಿ, ಮುಚ್ಚಳ ಹಾಕಿ.

ಬೇಸಗೆ ರಜೆಯಲ್ಲಿ ಎಲ್ಲರೂ ಮಾಟಾಮಾಟಾ ಹತ್ತಿರದ ವೈರೇರೆ ಜಲಪಾತಕ್ಕೆ ಹೋಗಿದ್ದೆವು. 153 ಮೀಟರ್ ಎತ್ತರ. ನಮ್ಮ ಜೋಗದ ಮುಂದೆ ಚಿಕ್ಕದು ಅಂತ ಒಬ್ಬರು ಹೇಳದೆ ಬಿಡಲಿಲ್ಲ. 1836ರ ಅಕ್ಟೋಬರ್‌ನಲ್ಲಿ ಈ ಜಲಪಾತದ ಬಳಿ ಒಂದು ಮಾವೋರಿ ತಂಡ ರಾತ್ರಿ ತಂಗಿತ್ತು. ಯುದ್ಧದ ಕಾಲ. ತಂಡದಲ್ಲಿ ಙಾಕುಕು ಎಂಬವನ ಮಗಳು ತಾರೋರೆ, ಮಾಟಾಮಾಟಾದ ಮಿಷನ್ ಶಾಲೆಯಲ್ಲಿ ಓದು ಕಲಿತ ಚಿಕ್ಕ ಹುಡುಗಿ. ಅವಳ ಹತ್ತಿರ ಮಾವೋರಿ ಭಾಷೆಯ ಲೂಕನ ಸುವಾರ್ತೆ ಇತ್ತು. ದಾಳಿ ಮಾಡಿದವರು ಅವಳನ್ನು ಕೊಂದು ಪುಸ್ತಕ ಒಯ್ದರು. ತಂದೆ ಸೇಡು ಬೇಡ ಅಂದ. ಪುಸ್ತಕ ಒಯ್ದ ಉಯಿಟಾನಿಗೆ ಓದು ಬಾರದು. ಮುಂದೆ ರಿಪಾಹೌ ಎಂಬ, ಹಿಂದೆ ಗುಲಾಮನಾಗಿದ್ದವನು ಅದನ್ನು ಅವನಿಗೆ ಓದಿ ಹೇಳಿದ. ಕೇಳಿ ಕೇಳಿ ಉಯಿಟಾನ ಮನಸ್ಸು ತಿರುಗಿ, ಆ ತಂದೆಯ ಜೊತೆ ರಾಜಿಗೆ ಬಂದ ಅಂತ ಇಲ್ಲಿನವರು ಹೇಳುತ್ತಾರೆ.

ಮಾವೋರಿಯಲ್ಲಿ ಪೂರ್ತಿ ಹೊಸ ಒಡಂಬಡಿಕೆ ಅಚ್ಚಾದದ್ದು 1837ರಲ್ಲಿ, ಇಡೀ ಬೈಬಲ್ 1868ರಲ್ಲಿ. ಅಂದರೆ ಅವರ ಕೈಲಿದ್ದದ್ದು 66ರಲ್ಲಿ ಒಂದೇ ಪುಸ್ತಕ, 24 ಅಧ್ಯಾಯ. ನಮ್ಮ ಶೀಟಿನ ಪ್ರಕಾರ ಎಂಟು ದಿನದ ಓದು! ವಾಪಸ್ ಬರುವಾಗ ವಾಹರೋವಾದಲ್ಲಿರುವ ಆ ಮಗುವಿನ ಸಮಾಧಿಯ ಹತ್ತಿರ ನಿಂತೆವು. ಯಾರೂ ಹೆಚ್ಚು ಮಾತಾಡಲಿಲ್ಲ.

ಶೀಟನ್ನು ಅಳಿಸಿಲ್ಲ, ಜೂನ್‌ಗೆ ನಿಂತಿದೆ. ಈಗ 119ನೇ ಕೀರ್ತನೆ ಹಿಡಿದಿದ್ದೇವೆ. ಪೂರ್ಣಮನಸ್ಸು ಅನ್ನುವ ಮಾತು ಮತ್ತೆ ಮತ್ತೆ ಬರುವ ಕೀರ್ತನೆ. 176 ವಚನ, ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಎಂಟೆಂಟು ವಚನದ 22 ಭಾಗ. ವಾರಕ್ಕೆ ಒಂದು ಭಾಗ ಅಂತ ಇಟ್ಟುಕೊಂಡಿದ್ದೆವು. ಐದನೇ ವಾರ ನಡೆಯುತ್ತಿದೆ, ಎರಡನೇ ಭಾಗದಲ್ಲೇ ಇದ್ದೇವೆ. ಮೊನ್ನೆ ಮುಂದೆ ಹೋಗೋಣವಾ ಅಂತ ಕೇಳಿದಾಗ ಡೈರಿಯ ಹುಡುಗ, "ಇನ್ನೊಂದು ವಾರ ಇಲ್ಲೇ ಇರೋಣ ಅಣ್ಣಾ" ಅಂದ. ಇದ್ದೇವೆ.