ಉಪ್‌ಲಾಂಡಿನ ನಿಕ್ಕೆಲ್‌ಹಾರ್ಪಾ ಮತ್ತು ಟೂಬೋದ ಪಾಠಶಾಲೆ

ಹೊರನಾಡುಗಳಿಂದ ಬಂದು ಸ್ವೀಡನ್ನಿನಲ್ಲಿ ನೆಲೆಸುವವರಿಗೆ ಆ ದೇಶದ ಸಂಗೀತವೆಂದೊಡನೆ 1974ರಲ್ಲಿ ಯೂರೋವಿಷನ್ ಸ್ಪರ್ಧೆಯನ್ನು ಗೆದ್ದ ಆಬ್ಬಾ ತಂಡವೂ ಅದರ ಬೆನ್ನಿಗೆ ಬೆಳೆದ ಪಾಪ್ ಉದ್ಯಮವೂ ನೆನಪಾಗುವುದು ಸಹಜವಾದರೂ, ಸ್ಟಾಕ್‌ಹೋಮಿನ ಉತ್ತರಕ್ಕಿರುವ ಉಪ್‌ಲಾಂಡ್ ಪ್ರಾಂತದ ಹಳ್ಳಿಗಳಲ್ಲಿ ಉಳಿದುಬಂದಿರುವ ನಿಕ್ಕೆಲ್‌ಹಾರ್ಪಾ ಎಂಬ ವಾದ್ಯದ ಪರಂಪರೆಯು ಹೊಸಬರನ್ನು ತನ್ನೊಳಗೆ ಸೇರಿಸಿಕೊಳ್ಳುವುದರಲ್ಲಿ ಎಷ್ಟೋ ಹೆಚ್ಚು ಉದಾರವಾಗಿದೆ.

ಕೊರಳಿಗೆ ಪಟ್ಟಿ ಹಾಕಿ ಹೊಟ್ಟೆಗೆ ಅಡ್ಡಲಾಗಿ ಹಿಡಿದು, ಬಲಗೈಯ ಗಿಡ್ಡ ಕಮಾನಿನಿಂದ ನುಡಿಸುವ ಈ ವಾದ್ಯದಲ್ಲಿ ಎಡಗೈ ಬೆರಳುಗಳು ತಂತಿಯನ್ನು ನೇರವಾಗಿ ಮುಟ್ಟುವುದೇ ಇಲ್ಲ. ಬೆರಳು ಕೆಳಗಿನಿಂದ ಮರದ ಕೀಲಿಯೊಂದನ್ನು ಒತ್ತಿದಾಗ ಅದರ ಮೇಲಿನ ಪುಟ್ಟ ಮರದ ಚಕ್ಕೆ ತಂತಿಗೆ ತಾಗಿ ಸ್ವರ ಮೂಡುತ್ತದೆ, ಬೆರಳು ತೆಗೆದರೆ ಕೀಲಿ ತನ್ನ ಭಾರದಿಂದಲೇ ಕೆಳಕ್ಕೆ ಜಾರುತ್ತದೆ. ಇಂದಿನ ವಾದ್ಯದಲ್ಲಿ ರಾಗ ನುಡಿಸಲು ಮೂರು ತಂತಿ, ಶ್ರುತಿಗೆ ಒಂದು ತಂತಿ ಇದ್ದು, ಕಮಾನು ತಾಕದ ಇನ್ನೂ 12 ತಂತಿಗಳು ಸಿತಾರಿನ ತರಬ್ ತಂತಿಗಳಂತೆ ತಾವಾಗಿಯೇ ಅನುರಣಿಸುವುದರಿಂದ, ಒಬ್ಬರೇ ನುಡಿಸಿದರೂ ಕೋಣೆಯೆಲ್ಲ ತುಂಬಿದಂತಾಗುತ್ತದೆ.

ಗೋಟ್‌ಲಾಂಡ್ ದ್ವೀಪದ ಶೆಲ್ಲುಂಗೆ ಚರ್ಚಿನ ದ್ವಾರದಲ್ಲಿ ಸುಮಾರು 1350ರ ಕಾಲದ, ಇಂಥ ವಾದ್ಯವೆಂದು ಬಹುಮಂದಿ ನಂಬುವ ಶಿಲ್ಪವಿದೆ. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗಂತೂ ಇದರ ಜೀವಂತ ಬಳಕೆ ಹೆಚ್ಚುಕಡಿಮೆ ಉತ್ತರ ಉಪ್‌ಲಾಂಡಿಗಷ್ಟೇ ಸೀಮಿತವಾಗಿತ್ತು.

ಆ ಪುಟ್ಟ ಪ್ರದೇಶದಿಂದ ವಾದ್ಯವನ್ನು ದೇಶದ ಮುಂದಿಟ್ಟವರಲ್ಲಿ ಎರಿಕ್ ಸಾಲ್‌ಸ್ಟ್ರೋಮ್ (1912–1986) ಅವರ ಹೆಸರು ಮೊದಲು ಬರಬೇಕು. ವೆಂಡೆಲ್ ಪ್ಯಾರಿಷ್‌ನಲ್ಲಿ ವಾದಕರ ಮನೆಯಲ್ಲೇ ಹುಟ್ಟಿದ ಅವರಿಗೆ ದೊರೆತ ಹಳೆಯ ಬಗೆಯ ಹಾರ್ಪಾಗಳು ಕೆಲವೇ ಶ್ರುತಿಗಳಲ್ಲಿ ಸಲೀಸಾಗಿ ನುಡಿಯುತ್ತಿದ್ದವು. 1929ರಲ್ಲಿ ಆಗಸ್ಟ್ ಬೂಲಿನ್ ಎಂಬ ವಾದಕರು ಹನ್ನೆರಡೂ ಸ್ವರಸ್ಥಾನಗಳು ಸಿಗುವಂತೆ ಕೀಲಿಗಳನ್ನು ಜೋಡಿಸಿದ ಹೊಸ ಮಾದರಿಯನ್ನು ರಚಿಸಿದ್ದರು. ಸ್ವತಃ ವಾದ್ಯ ತಯಾರಕರಾಗಿದ್ದ ಸಾಲ್‌ಸ್ಟ್ರೋಮ್ ಮುಂದಿನ ದಶಕಗಳಲ್ಲಿ ಅದನ್ನು ತಿದ್ದಿ ತೀಡಿ, ರೇಡಿಯೋದಲ್ಲಿಯೂ ಸಭೆಗಳಲ್ಲಿಯೂ ನುಡಿಸಿ, ‘ಸ್ಪೆಲ್‌ಮನ್ಸ್‌ಗ್ಲೇದ್ಯೆ’ಯಂಥ ರಚನೆಗಳನ್ನು ಕಟ್ಟಿ, ಹಳ್ಳಿಯ ಕುಣಿತಕ್ಕೆ ಒದಗುತ್ತಿದ್ದ ವಾದ್ಯಕ್ಕೆ ಕುಳಿತು ಕೇಳುವ ಶ್ರೋತೃಗಳನ್ನೂ ಗಳಿಸಿಕೊಟ್ಟರು. ಒಬ್ಬನೇ ವ್ಯಕ್ತಿಯು ವಾದ್ಯವನ್ನು ಮಾಡಿ, ಅದಕ್ಕೆ ಬೇಕಾದ ಸಂಗೀತವನ್ನೂ ರಚಿಸಿ, ಕಲಿಯಬಂದವರಿಗೆ ಎರಡನ್ನೂ ಹಂಚಿದ ಇಂಥ ಉದಾಹರಣೆಗಳು ಯಾವ ನಾಡಿನಲ್ಲಿಯೂ ವಿರಳ. 1970ರ ದಶಕದಲ್ಲಿ ಜನಪದ ಸಂಗೀತದ ಹೊಸ ಅಲೆ ಎದ್ದಾಗ ಯುವಜನರು ತಮ್ಮ ಕೈಯಿಂದಲೇ ಹಾರ್ಪಾ ಮಾಡಿಕೊಳ್ಳಲು ಮುಂದಾದುದರ ಹಿಂದೆ ಅವರ ಮೇಲ್ಪಂಕ್ತಿಯಿತ್ತು.

ಅವರ ಹೆಸರಿನ ಸಂಸ್ಥೆ 1998ರಲ್ಲಿ ಟೂಬೋ ಎಂಬ ಊರಿನಲ್ಲಿ ಆರಂಭವಾಯಿತು. ಅಲ್ಲಿ ವಾದನ, ನೃತ್ಯ, ವಾದ್ಯ ತಯಾರಿಕೆಗಳ ಶಿಕ್ಷಣವಿದ್ದು, ಸ್ವರಲಿಪಿಗಿಂತ ಪಾಠಾಂತರಕ್ಕೆ, ಅಂದರೆ ಗುರು ನುಡಿಸಿದ್ದನ್ನು ಕೇಳಿ ಮರಳಿ ನುಡಿಸುವುದಕ್ಕೆ, ಪ್ರಾಶಸ್ತ್ಯವಿದೆ. ಇದಕ್ಕೆ ಕಾರಣ ಪೋಲ್ಸ್ಕಾ. ಮೂರು ಎಣಿಕೆಯ ಈ ಕುಣಿತದ ಗತಿಯಲ್ಲಿ ಹಲವು ಪ್ರದೇಶಗಳವರು ಮೂರೂ ಎಣಿಕೆಗಳಿಗೆ ಸಮಾನ ಕಾಲ ಕೊಡುವುದಿಲ್ಲ, ಆ ಏರುಪೇರನ್ನು ಕಾಗದ ಹಿಡಿದಿಡಲಾರದು. ಕಲಿತದ್ದನ್ನು ಬಳಸಲು ಬೇಸಿಗೆಯ ಸ್ಪೆಲ್‌ಮನ್ಸ್‌ಸ್ಟೆಮ್ಮ ಎಂಬ ವಾದಕರ ಮೇಳಗಳಿವೆ. ಅಲ್ಲಿ ಎಲ್ಲರೂ ಒಟ್ಟಿಗೆ ನುಡಿಸುವ ಆಲ್‌ಸ್ಪೇಲ್ ನಡೆಯುತ್ತದೆ. ವೇದಿಕೆಯ ಹೊರಗೆ, ಮರಗಿಡಗಳ ನಡುವೆ ಗುಂಪುಗೂಡಿ ನುಡಿಸುವ ಬುಸ್ಕ್‌ಸ್ಪೇಲ್ ಕೂಡ ಉಂಟು. ಭಾಷೆ ಇನ್ನೂ ತೊದಲುತ್ತಿರುವ ಹೊಸಬರು ಈ ಗುಂಪಿನ ಅಂಚಿನಲ್ಲಿ ಕುಳಿತು, ಕೈಗೆ ಸಿಕ್ಕಷ್ಟು ಸ್ವರಗಳನ್ನು ಮೆಲ್ಲಗೆ ನುಡಿಸುತ್ತಾ ಒಳಗೆ ಸೇರಬಹುದು.

1996ರಿಂದ 50 ಕ್ರೋನರ್ ನೋಟಿನ ಮೇಲಿದ್ದ ಹಾರ್ಪಾದ ಚಿತ್ರವು 2016ರಲ್ಲಿ ಆ ನೋಟಿನೊಂದಿಗೇ ಚಲಾವಣೆಯಿಂದ ಮರೆಯಾಯಿತು. 2023ರಲ್ಲಿ ಯುನೆಸ್ಕೋ ಈ ಪರಂಪರೆಯನ್ನು ತನ್ನ ಸಂರಕ್ಷಣಾ ಮಾದರಿಗಳ ಪಟ್ಟಿಗೆ ಸೇರಿಸಿದ್ದು ಸಂತೋಷದ ಸಂಗತಿಯೇ ಆದರೂ, ಸಾಲ್‌ಸ್ಟ್ರೋಮ್ ಅವರಿಗೆ ಮನೆಯಲ್ಲೇ, ದಿನದ ಕೆಲಸಗಳ ನಡುವೆ ದಕ್ಕಿದ ಪಾಠವನ್ನು ಇಂದಿನ ಮಕ್ಕಳು ತರಗತಿಯ ವೇಳಾಪಟ್ಟಿಗೆ ಹೊಂದಿಕೊಂಡು ಕಲಿಯಬೇಕಾಗಿದೆ.